ಡ್ರೋನ್ ಲಿಡಾರ್: ಮರದ ಕೆಳಗಿನ ನೆಲ ಸಿಗಬೇಕಾದರೆ ಏನೇನು ನೋಡಬೇಕು?

"ಚದರ ಮೀಟರಿಗೆ 200 ಪಾಯಿಂಟ್ ಬಂದಿದೆ, ಆದರೂ ತೋಟದ ಕೆಳಗೆ ನೆಲ ಕಾಣ್ತಿಲ್ಲ, ಯಾಕೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಜೊತೆಗೇ ಬರುವ ಇನ್ನೊಂದು: "ಅದೇ ಯಂತ್ರ, ಅದೇ ಸೆಟ್ಟಿಂಗ್. ಹೋದ ತಿಂಗಳು ಚೆನ್ನಾಗಿ ಬಂತು, ಈ ಸಲ ಎಲ್ಲ ಮಸುಕು." ಎರಡರಲ್ಲೂ ತೊಂದರೆ ಒಂದೇ. ಎಲ್ಲರೂ ಪಾಯಿಂಟ್ ಎಣಿಸುತ್ತಾರೆ. ವಾಪಸ್ ಬಂದ ಬೆಳಕು ಎಷ್ಟು ಗಟ್ಟಿಯಾಗಿತ್ತು ಅಂತ ಯಾರೂ ನೋಡುವುದಿಲ್ಲ.

ಹೊಸಬರಿಗಾಗಿ ಎರಡು ಮಾತು. ಲಿಡಾರ್ ಯಂತ್ರ ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ತುಣುಕು ತುಣುಕಾಗಿ ಕೆಳಗೆ ಬಿಡುತ್ತದೆ. ಒಂದೊಂದು ತುಣುಕೂ ಒಂದು ಪಲ್ಸ್. ಅದು ಎಲೆಗೋ ನೆಲಕ್ಕೋ ತಂತಿಗೋ ಬಡಿದು ವಾಪಸ್ ಬಂದರೆ ಅದು ರಿಟರ್ನ್. ಹೋಗಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕವಾಗುತ್ತದೆ. ಹಾಗೆ ಸಿಕ್ಕ ಒಂದೊಂದು ಚುಕ್ಕೆಯೂ ಒಂದು ಪಾಯಿಂಟ್, ಎಲ್ಲ ಸೇರಿದರೆ ಪಾಯಿಂಟ್ ಕ್ಲೌಡ್. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಸುಮಾರು 30 ಸೆಂ.ಮೀ. ಹೋಗುತ್ತದೆ. ಹೋಗುವುದು ಬರುವುದು ಎರಡೂ ಸೇರಿರುವುದರಿಂದ, ಎಣಿಕೆ ಒಂದು ನ್ಯಾನೊಸೆಕೆಂಡ್ ತಪ್ಪಿದರೆ ದೂರ 15 ಸೆಂ.ಮೀ. ತಪ್ಪುತ್ತದೆ. ರಿಟರ್ನ್ ಗಟ್ಟಿಯಾಗಿದ್ದರೆ ಯಂತ್ರ ಅದರ ಸಮಯವನ್ನು ಕರಾರುವಾಕ್ಕಾಗಿ ಹಿಡಿಯುತ್ತದೆ. ಸಣ್ಣದಾದರೆ ತಡಕಾಡುತ್ತದೆ. ಇನ್ನೂ ಸಣ್ಣದಾದರೆ ಅದು ಬಂದದ್ದೇ ಗೊತ್ತಾಗುವುದಿಲ್ಲ.

ಮಲೆನಾಡಿನ ಕಾಫಿ, ಅಡಿಕೆ ತೋಟಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನೆಲ ಹಿಡಿದವರಿಗೆ ಬಯಲುಸೀಮೆ ಕಷ್ಟವಲ್ಲ.

ಮೊದಲು ಕೈಯಲ್ಲಿ ಇರಬೇಕಾದ್ದು

ಯಂತ್ರದ ಸ್ಪೆಸಿಫಿಕೇಶನ್ ಹಾಳೆ. ನೆಲದ ಏರಿಳಿತ ಹಿಂಬಾಲಿಸಿ ಹಾರಿಸಬಲ್ಲ ಪ್ಲಾನಿಂಗ್ ಆ್ಯಪ್. ಬೇಸ್ ಸ್ಟೇಷನ್ (ಡ್ರೋನ್ ಇದ್ದ ಜಾಗದ ಲೆಕ್ಕ ತಿದ್ದಲು ನೆಲದಲ್ಲಿ ನಿಲ್ಲಿಸುವ ಜಿಪಿಎಸ್), ಇಲ್ಲವಾದರೆ ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲದ ಡೇಟಾ (ನಿಗದಿತ ಜಾಗಗಳಲ್ಲಿ ಸದಾ ಓಡುವ ಜಿಪಿಎಸ್ ಕೇಂದ್ರಗಳು ಇವು). ಊದುವ ಬ್ಲೋವರ್, ಮೈಕ್ರೋಫೈಬರ್ ಬಟ್ಟೆ. ಒಂದು ಟಾರ್ಪಾಲ್. ಪಾಯಿಂಟ್ ಕ್ಲೌಡ್ ತೆರೆದು ನೋಡಬಲ್ಲ ಲ್ಯಾಪ್‌ಟಾಪ್, ಅದೂ ಜಾಗದಲ್ಲೇ.

ಅನುಮತಿ, ಪೈಲಟ್ ಸರ್ಟಿಫಿಕೇಟ್ ವಿಷಯ ಇಲ್ಲಿ ಬಿಡಿಸಿ ಹೇಳುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಸಾಮಾನ್ಯವಾಗಿ ಮಿತಿ 120 ಮೀಟರ್, ಏರ್‌ಪೋರ್ಟ್ ಹತ್ತಿರ ಇನ್ನೂ ಕಡಿಮೆ. ಅಷ್ಟು ನೆನಪಿರಲಿ. ಹೇಗಿದ್ದರೂ ತೋಟಕ್ಕೆ ಅಷ್ಟು ಎತ್ತರ ಬೇಕಿಲ್ಲ.

1. ಸ್ಪೆಸಿಫಿಕೇಶನ್ ಹಾಳೆಯ ಸಣ್ಣ ಅಕ್ಷರ ಓದಿ

ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ "450 ಮೀಟರ್" ಅಂತ ಇರುತ್ತದೆ. ಕೆಳಗೆ ಸಣ್ಣದಾಗಿ "ಶೇ. 50 ಪ್ರತಿಫಲನ, 0 ಕಿಲೋಲಕ್ಸ್" ಅಂತ. ಅಂದರೆ ಬಿದ್ದ ಬೆಳಕಿನಲ್ಲಿ ಅರ್ಧ ವಾಪಸ್ ಕೊಡುವ ವಸ್ತು, ಅದೂ ಪೂರ್ತಿ ಕತ್ತಲಲ್ಲಿ. ಅದೇ ಯಂತ್ರಕ್ಕೆ "ಶೇ. 10 ಪ್ರತಿಫಲನ, 100 ಕಿಲೋಲಕ್ಸ್" ಸಾಲಿನಲ್ಲಿ 250 ಮೀಟರ್ ಬರೆದಿರಬಹುದು. 100 ಕಿಲೋಲಕ್ಸ್ ಅಂದರೆ ನೆತ್ತಿ ಸುಡುವ ನಡುಮಧ್ಯಾಹ್ನದ ಬಿಸಿಲು. ನಿಮಗೆ ಬೇಕಾದ್ದು ಈ ಎರಡನೇ ಸಾಲು.

ಅದೂ ಬಯಲಿಗೆ ಮಾತ್ರ. ಮರದ ಕೆಳಗೆ ಲೆಕ್ಕ ಹೀಗೆ ಮಾಡಿ. ಎಲೆಗಳ ಸಂದಿನಲ್ಲಿ ಪಲ್ಸ್‌ನ ಹತ್ತರಲ್ಲಿ ಒಂದು ಪಾಲು ಮಾತ್ರ ನೆಲ ಮುಟ್ಟಿತು ಅಂದುಕೊಳ್ಳಿ. ನೆಲ ಕಪ್ಪು ಮಣ್ಣು, ಪ್ರತಿಫಲನ ಶೇ. 10. ಆಗ ನೆಲದಿಂದ ಬರುವ ಬೆಳಕೂ ಹಾಳೆಯ ಶೇ. 10ರ ಸಾಲಿನ ಲೆಕ್ಕದ ಹತ್ತರಲ್ಲಿ ಒಂದು ಪಾಲಷ್ಟೇ. ಬೆಳಕಿನ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ 250ನ್ನು 10ರ ವರ್ಗಮೂಲದಿಂದ, ಅಂದರೆ 3.16ರಿಂದ, ಭಾಗಿಸಿ. ಉತ್ತರ 79 ಮೀಟರ್. 250 ಮೀಟರ್ ಯಂತ್ರವನ್ನು 110 ಮೀಟರಿಗೆ ಹಾರಿಸಿ "ನೆಲ ಬರಲಿಲ್ಲ" ಅನ್ನುವವರ ಕಥೆ ಇಷ್ಟೇ.

ಇನ್ನೊಂದು ಸಂಖ್ಯೆ ಕಿರಣದ ಹರವು. ಇದನ್ನು ಮಿಲಿರೇಡಿಯನ್ ಎಂಬ ಕೋನದ ಅಳತೆಯಲ್ಲಿ ಕೊಟ್ಟಿರುತ್ತಾರೆ. 1 ಮಿಲಿರೇಡಿಯನ್ ಅಂದರೆ 100 ಮೀಟರ್ ದೂರದಲ್ಲಿ 10 ಸೆಂ.ಮೀ. ಅಗಲದ ಬೆಳಕಿನ ಮಚ್ಚೆ. ಮಚ್ಚೆ ದೊಡ್ಡದಾದಷ್ಟೂ ಅದು ನಾಲ್ಕಾರು ಎಲೆಗಳ ಮೇಲೆ ಹರಿದು ಹಂಚಿಹೋಗುತ್ತದೆ. ಒಂದೊಂದು ಪಾಲೂ ತೀರಾ ಸಣ್ಣದಾಗುತ್ತದೆ. ವಿಮಾನದಿಂದ 1000 ಮೀಟರ್ ಎತ್ತರದಲ್ಲಿ 0.5 ಮಿಲಿರೇಡಿಯನ್ ಕಿರಣವೂ ನೆಲದಲ್ಲಿ ಅರ್ಧ ಮೀಟರ್ ಅಗಲ ಇರುತ್ತದೆ.

2. ಕಾಲ ಮತ್ತು ಹೊತ್ತು ಆರಿಸಿಕೊಳ್ಳಿ

ಸೆಟ್ಟಿಂಗ್ ಬದಲಿಸಿ ಸಿಗುವ ಲಾಭಕ್ಕಿಂತ ದಿನ ಬದಲಿಸಿ ಸಿಗುವ ಲಾಭ ಜಾಸ್ತಿ. ಆದರೂ ಜನ ಡ್ರೋನ್ ಬಾಡಿಗೆ ಸಿಕ್ಕಿದ ದಿನ ಹಾರಿಸುತ್ತಾರೆ.

ಕಾಫಿ ತೋಟವಾದರೆ ಮೊದಲು ಕೇಳಬೇಕಾದ ಪ್ರಶ್ನೆ: ಮರಗಸಿ ಆಯ್ತಾ? ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿದ ಮೇಲೆ ಕಿರಣಕ್ಕೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಬಂಡೀಪುರ, ನಾಗರಹೊಳೆ ಕಡೆಯ ಒಣ ಎಲೆಯುದುರುವ ಕಾಡಿಗೆ ಬೇಸಿಗೆ ಸರಿಯಾದ ಕಾಲ, ತೇಗದ ಎಲೆ ಆಗ ಉದುರಿರುತ್ತದೆ. ಘಟ್ಟದ ನಿತ್ಯಹರಿದ್ವರ್ಣ ಕಾಡಿಗೆ ಇಂಥ ಸೌಕರ್ಯ ಇಲ್ಲ, ಅಲ್ಲಿ ಎತ್ತರ ಮತ್ತು ವೇಗದಲ್ಲೇ ಸರಿಮಾಡಬೇಕು. ಅಡಿಕೆ ತೋಟದಲ್ಲೂ ಅಷ್ಟೇ, ಸೋಗೆ ವರ್ಷವಿಡೀ ಇರುತ್ತದೆ.

ಆಮೇಲೆ ಗಾಳಿ. ಮಂಜು, ಮಳೆ, ಹೊಗೆ, ಧೂಳು ಎಲ್ಲವೂ ಬೆಳಕನ್ನು ಎರಡು ಸಲ ತಿನ್ನುತ್ತವೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು ದಾರಿಯಲ್ಲಿ ಶೇ. 80 ಪಾರಾದರೆ ಎರಡೂ ದಾರಿ ಸೇರಿ ಉಳಿಯುವುದು ಶೇ. 64. ಮಂಜಿನಲ್ಲಿ ಇನ್ನೊಂದು ತಾಪತ್ರಯ ಇದೆ. ಘಾಟಿ ರಸ್ತೆಯಲ್ಲಿ ಮಂಜಿಗೆ ಹೈಬೀಮ್ ಹಾಕಿದ ಹಾಗೆ, ಬೆಳಕು ಹತ್ತಿರದಲ್ಲೇ ಚದುರಿ ಯಂತ್ರದ ಕಣ್ಣಿಗೇ ಹೊಡೆಯುತ್ತದೆ. ಡ್ರೋನ್ ಕೆಳಗೆ ಗಾಳಿಯಲ್ಲೇ ತೇಲುವ ಸುಳ್ಳು ಪಾಯಿಂಟ್‌ಗಳು ಹುಟ್ಟುತ್ತವೆ. ಒಂದು ಪಲ್ಸ್‌ಗೆ ಯಂತ್ರ ಮೂರೋ ಐದೋ ರಿಟರ್ನ್ ಮಾತ್ರ ದಾಖಲಿಸುತ್ತದೆ. ಮೊದಲನೆಯದನ್ನು ಮಂಜು ತಿಂದರೆ ಎಲೆ ಮತ್ತು ನೆಲಕ್ಕೆ ಉಳಿಯುವುದು ಅಷ್ಟು ಕಡಿಮೆ.

ಎಚ್ಚರಿಕೆ: "ನಮ್ಮದು 1550 ನ್ಯಾನೊಮೀಟರ್ ಲೇಸರ್, ಮಂಜನ್ನು ತೂರಿ ಹೋಗುತ್ತದೆ" ಅಂತ ಮಾರುವವರು ಹೇಳುತ್ತಾರೆ. ನಂಬಬೇಡಿ. ನ್ಯಾನೊಮೀಟರ್ ಅಂದರೆ ಬೆಳಕಿನ ತರಂಗದ ಉದ್ದದ ಅಳತೆ. ತೆಳು ಹೊಗೆಯಂಥ ಸೂಕ್ಷ್ಮ ಕಣಗಳಿಗೆ ಆ ಮಾತು ಸ್ವಲ್ಪ ನಿಜ. ಮಂಜಿನ ಹನಿಗಳು ಆ ತರಂಗಕ್ಕಿಂತ ಬಹಳ ದೊಡ್ಡವು. ಅವಕ್ಕೆ ಮಾಮೂಲಿ ಡ್ರೋನ್ ಲಿಡಾರ್‌ಗಳ 905 ಆದರೇನು, 1550 ಆದರೇನು. ಮೇಲಾಗಿ ನೀರು 1550ರ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಇಬ್ಬನಿಯಲ್ಲಿ ತೊಯ್ದ ಎಲೆಯಿಂದ, ಒದ್ದೆ ನೆಲದಿಂದ ರಿಟರ್ನ್ ಇನ್ನೂ ಸಣ್ಣದಾಗುತ್ತದೆ. 1550ರ ನಿಜವಾದ ಅನುಕೂಲ ಬೇರೆ. ಕಣ್ಣಿಗೆ ಅಪಾಯ ಕಡಿಮೆ, ಹಾಗಾಗಿ ಲೇಸರ್ ಶಕ್ತಿ ಹೆಚ್ಚಿಸಬಹುದು.

ಹೊತ್ತಿನ ಬಗ್ಗೆ: ಬಿಸಿಲೂ ಒಂದು ಗದ್ದಲವೇ. ಸೂರ್ಯನ ಬೆಳಕಿನಲ್ಲಿ ಲೇಸರಿನ ಬಣ್ಣವೂ ಸೇರಿರುತ್ತದೆ. ಅದರ ನಡುವೆ ಸಣ್ಣ ರಿಟರ್ನ್ ಮುಳುಗಿಹೋಗುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಹಾರಿಸಿ. ಎತ್ತರದ ಮೋಡ ಮುಚ್ಚಿದ, ಮಳೆಯಿಲ್ಲದ ದಿನ ಸಿಕ್ಕರೆ ಬಿಡಬೇಡಿ. ಲಿಡಾರ್‌ಗೆ ಬೆಳಕು ಬೇಡ, ಬೆಳಕು ಬೇಕಾದ್ದು ಫೋಟೋಗೆ. ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ಹಾಕುವ ದಿನಗಳಲ್ಲಿ ಅಕ್ಕಪಕ್ಕದ ತೋಟದವರನ್ನು ಒಮ್ಮೆ ಕೇಳಿಕೊಳ್ಳಿ. ಕಣಿವೆಯಲ್ಲಿ ನಿಂತ ಹೊಗೆ ಬೇಗ ಹೋಗುವುದಿಲ್ಲ.

ಗಾಳಿಯೇ ಇಲ್ಲದ ಕಡೆ ಈ ಗೋಳಿಲ್ಲ. ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್‌ನಲ್ಲಿ ತಯಾರಾದ ಲೇಸರ್ ಉಪಕರಣ 2008ರಲ್ಲಿ ಚಂದ್ರಯಾನ-1ರ ಜೊತೆ ಹೋಗಿ ಸುಮಾರು 100 ಕಿ.ಮೀ. ಎತ್ತರದಿಂದ ಚಂದ್ರನ ನೆಲ ಅಳೆಯಿತು. ನಮಗೆ 80 ಮೀಟರಿಗೇ ಒದ್ದಾಟ.

ಗಾಳಿಯ ಉಷ್ಣಾಂಶ, ಒತ್ತಡದಿಂದ ಬೆಳಕಿನ ವೇಗವೂ ಚೂರು ಬದಲಾಗುತ್ತದೆ. ಡ್ರೋನ್ ಎತ್ತರಕ್ಕೆ ಇದನ್ನು ಮರೆಯಿರಿ. ವಿಮಾನದಲ್ಲಿ ಮಾತ್ರ ಬಿಡುವಂತಿಲ್ಲ: ಗಾಳಿಯ ತಿದ್ದುಪಡಿಯನ್ನೇ ಹಾಕದಿದ್ದರೆ ಒಂದು ಕಿಲೋಮೀಟರಿಗೆ ಸುಮಾರು 28 ಸೆಂ.ಮೀ. ತಪ್ಪಾಗುತ್ತದೆ.

3. ಎತ್ತರ, ವೇಗ, ಪಲ್ಸ್ ಸಂಖ್ಯೆ ಗೊತ್ತುಮಾಡಿ

ಎತ್ತರ ಅರ್ಧ ಮಾಡಿದರೆ ನೆಲದ ಸಿಗ್ನಲ್ ನಾಲ್ಕು ಪಟ್ಟಾಗುತ್ತದೆ. ತೆಳು ತಂತಿಯಾದರೆ ಎಂಟು ಪಟ್ಟು. ಯಾಕೆಂದರೆ ಮಚ್ಚೆ ಚಿಕ್ಕದಾದಾಗ ತಂತಿಗೆ ಸಿಗುವ ಪಾಲೂ ಹೆಚ್ಚುತ್ತದೆ. ಹೈಟೆನ್ಷನ್ ಲೈನ್ ಸರ್ವೆ ಮಾಡುವವರು ಈ ಲೆಕ್ಕ ಬರೆದಿಟ್ಟುಕೊಳ್ಳಿ.

ತೋಟಕ್ಕೆ ನೆಲದಿಂದ 60ರಿಂದ 80 ಮೀಟರ್ ಇಟ್ಟುಕೊಳ್ಳಿ, ಅತಿ ಎತ್ತರದ ಸಿಲ್ವರ್ ಓಕ್‌ನಿಂದ ಮೇಲೆ ಕನಿಷ್ಠ 30 ಮೀಟರ್ ಬಿಡಿ. ವೇಗ ಸೆಕೆಂಡಿಗೆ 5 ಮೀಟರ್ ಸಾಕು. ನೆಲ ಹಿಂಬಾಲಿಸುವ ಆಯ್ಕೆ ಆನ್ ಇರಲಿ. ಇಲ್ಲದಿದ್ದರೆ ಗುಡ್ಡದ ನೆತ್ತಿಯಲ್ಲಿ 70 ಮೀಟರ್ ಇದ್ದದ್ದು ಹಳ್ಳದ ಮೇಲೆ 150 ಆಗಿರುತ್ತದೆ. ಸಿಗ್ನಲ್ ಐದನೇ ಒಂದು ಪಾಲಿಗೆ ಇಳಿದಿರುತ್ತದೆ, ನಿಯಮದ ಮಿತಿಯೂ ಮೀರಿರುತ್ತದೆ. ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ ಕೆಲವು ಕಾಡಿನ ಮೇಲ್ಭಾಗವನ್ನೇ ನೆಲ ಎಂದು ತೋರಿಸುತ್ತವೆ. ಅದಕ್ಕೂ ಸ್ವಲ್ಪ ಬಿಟ್ಟುಕೊಡಿ.

ಈಗ ಪಲ್ಸ್ ಸಂಖ್ಯೆ. ಹೆಚ್ಚಿನವರು ಎಡವುವುದು ಇಲ್ಲೇ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಇಷ್ಟು ಸಾವಿರ ಪಲ್ಸ್ ಅಂತ ಆಯ್ಕೆ ಇದ್ದರೆ ಎಲ್ಲರ ಕೈ ದೊಡ್ಡ ಸಂಖ್ಯೆಗೇ ಹೋಗುತ್ತದೆ. ಆದರೆ ಎಷ್ಟೋ ಯಂತ್ರಗಳಲ್ಲಿ ಲೇಸರಿನ ಒಟ್ಟು ಶಕ್ತಿ ಇಷ್ಟೇ ಅಂತ ನಿಗದಿ. ಪಲ್ಸ್ ಹೆಚ್ಚಿಸಿದರೆ ಒಂದೊಂದರ ಶಕ್ತಿ ಕಡಿಮೆಯಾಗುತ್ತದೆ. ಬಯಲಿನಲ್ಲಿ ಅದು ಪರವಾಗಿಲ್ಲ. ಮರದ ಕೆಳಗೆ ಸಾವಿರ ದುರ್ಬಲ ಪಲ್ಸ್‌ಗಿಂತ ಐನೂರು ಗಟ್ಟಿ ಪಲ್ಸ್ ಮೇಲು. ಪಾಯಿಂಟ್ ಸಂಖ್ಯೆ ಕಡಿಮೆಯಾದರೂ ನೆಲ ಜಾಸ್ತಿ ಸಿಗುತ್ತದೆ. ಹಾಳೆಯಲ್ಲಿ ಪಲ್ಸ್ ದರಕ್ಕೆ ತಕ್ಕಂತೆ ದೂರ ಇಳಿಯುವ ಪಟ್ಟಿ ಇದ್ದರೆ ನಿಮ್ಮ ಯಂತ್ರವೂ ಆ ಜಾತಿಯದೇ.

ಪಲ್ಸ್ ದರ ತೀರಾ ಹೆಚ್ಚಾದರೆ ಇನ್ನೊಂದು ಗೊಂದಲ. ಮೊದಲನೇ ಪಲ್ಸ್ ವಾಪಸ್ ಬರುವ ಮೊದಲೇ ಎರಡನೆಯದು ಹೊರಟಿರುತ್ತದೆ, ಯಾವುದು ಯಾರದು ಗೊತ್ತಾಗುವುದಿಲ್ಲ. ಸೆಕೆಂಡಿಗೆ 1 ಲಕ್ಷ ಪಲ್ಸ್ ಇದ್ದರೆ ಈ ಗಡಿ 1500 ಮೀಟರ್, 10 ಲಕ್ಷ ಇದ್ದರೆ 150 ಮೀಟರ್. ಈಗಿನ ವಿಮಾನ ಯಂತ್ರಗಳ ಸಾಫ್ಟ್‌ವೇರ್ ಇದನ್ನು ಬಿಡಿಸಿಕೊಳ್ಳುತ್ತದೆ. ಡ್ರೋನ್‌ನವರು ಕಡಿದಾದ ಪ್ರಪಾತದ ಅಂಚಿನಲ್ಲಿ ಮಾತ್ರ ತಲೆ ಕೆಡಿಸಿಕೊಂಡರೆ ಸಾಕು.

4. ಕೋನಕ್ಕೆ ಲಗಾಮು ಹಾಕಿ, ಸಾಲುಗಳನ್ನು ಹತ್ತಿರ ಇಡಿ

ಯಂತ್ರ ಅಗಲಕ್ಕೆ ನೋಡಬಲ್ಲದು ಅಂತ ಅಷ್ಟನ್ನೂ ಬಳಸಬೇಡಿ. ನೇರ ಕೆಳಗಿನಿಂದ 45 ಡಿಗ್ರಿ ಓರೆಗೆ ಹೋದ ಕಿರಣ ಎಲೆಗಳ ನಡುವೆ 1.4 ಪಟ್ಟು ದಾರಿ ಸವೆಸಬೇಕು. 60 ಡಿಗ್ರಿಗೆ ಎರಡು ಪಟ್ಟು. ನೆಲ ಮುಟ್ಟುವ ಸಂಭವ ಅಷ್ಟು ಬೇಗ ಇಳಿಯುತ್ತದೆ. ಮುಟ್ಟಿದರೂ ಓರೆಯಾಗಿ ಬಿದ್ದ ಮಚ್ಚೆ ಉದ್ದಕ್ಕೆ ಎಳೆದುಕೊಂಡು ರಿಟರ್ನ್ ಹರಡಿಕೊಳ್ಳುತ್ತದೆ. ನೆಲದ ನಕ್ಷೆಗೆ ಎರಡೂ ಕಡೆ 25ರಿಂದ 30 ಡಿಗ್ರಿಯೊಳಗಿನ ಪಾಯಿಂಟ್ ಮಾತ್ರ ಇಟ್ಟುಕೊಳ್ಳಿ. ಸಾಲುಗಳು ಕನಿಷ್ಠ ಅರ್ಧದಷ್ಟು ಒಂದರ ಮೇಲೊಂದು ಬರಲಿ. ಸಮಯ ಇದ್ದರೆ ಅಡ್ಡಲಾಗಿಯೂ ಒಂದು ಸುತ್ತು ಹಾರಿಸಿ. ಒಂದು ದಿಕ್ಕಿನಿಂದ ಮುಚ್ಚಿದ್ದ ಸಂದು ಇನ್ನೊಂದು ದಿಕ್ಕಿನಿಂದ ತೆರೆದಿರುತ್ತದೆ.

5. ಗಾಜು ನೋಡಿ, ಮತ್ತೆ ನೋಡಿ

ಹೋದ ತಿಂಗಳು ಚೆನ್ನಾಗಿತ್ತು, ಈ ತಿಂಗಳು ಮಸುಕು ಅನ್ನುವವರು ಮೊದಲು ನೋಡಬೇಕಾದ್ದು ಯಂತ್ರದ ಮುಂದಿನ ಗಾಜು. ಬೆಳಕು ಇದನ್ನೂ ಎರಡು ಸಲ ದಾಟಬೇಕು. ಡ್ರೋನ್ ಏಳುವಾಗ ರೆಕ್ಕೆ ಗಾಳಿಗೆ ಕೆಂಪು ಮಣ್ಣು ಎದ್ದು ಗಾಜಿನ ಮೇಲೆ ತೆಳುವಾಗಿ ಕೂರುತ್ತದೆ. ಕಣ್ಣಿಗೆ ನೇರ ನೋಡಿದರೆ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ಬೆರಳಚ್ಚೂ ಹಾಗೇ. ಟಾರ್ಪಾಲ್ ಇರಲಿ ಅಂದದ್ದು ಇದಕ್ಕೇ, ಡ್ರೋನ್ ಏಳುವ ಜಾಗದಲ್ಲಿ ಹಾಸಿ. ನಾಲ್ಕು ಮೂಲೆಗೂ ಕಲ್ಲು ಇಡಿ, ಇಲ್ಲದಿದ್ದರೆ ಅದೇ ಎದ್ದು ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ.

ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಒರೆಸಿ. ಊದದೆ ಒರೆಸಿದರೆ ಮರಳಿನ ಕಣ ಗಾಜನ್ನು ಗೀರುತ್ತದೆ. ಅಂಗಿ ತುದಿ, ಕರ್ಚೀಫು ಬೇಡವೇ ಬೇಡ.

ಎಚ್ಚರಿಕೆ: ಏಸಿ ಕಾರಿನಿಂದ ಯಂತ್ರ ತೆಗೆದು ನೇರ ಹಾರಿಸಬೇಡಿ. ಕರಾವಳಿಯಲ್ಲಂತೂ ತಣ್ಣಗಿನ ಗಾಜಿನ ಮೇಲೆ ಕೂಡಲೇ ನೀರಿನ ಪಸೆ ಕಟ್ಟುತ್ತದೆ. ಪೆಟ್ಟಿಗೆ ತೆರೆದು ನೆರಳಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ಇಡಿ. ಅಷ್ಟರಲ್ಲಿ ಬೇಸ್ ಸ್ಟೇಷನ್ ನಿಲ್ಲಿಸಬಹುದು.

6. ಜಾಗ ನಡೆದು ನೋಡಿ

ಕೆಲವು ಮೇಲ್ಮೈಗಳು ಏನು ಮಾಡಿದರೂ ಸರಿಯಾಗಿ ಬರುವುದಿಲ್ಲ. ಮೊದಲೇ ಗುರುತಿಸಿದರೆ ಆಮೇಲೆ ಗಾಬರಿ ಇಲ್ಲ.

ನಿಂತ ನೀರು, ನಾಟಿ ಆದ ಗದ್ದೆ, ಕೆರೆ: ಓರೆ ಕಿರಣ ಕನ್ನಡಿಯಲ್ಲಿ ಜಾರಿದಂತೆ ಆಚೆ ಹೋಗುತ್ತದೆ. ಡೇಟಾದಲ್ಲಿ ಖಾಲಿ ತೂತು ಕಾಣುತ್ತದೆ. ಇದು ದೋಷ ಅಲ್ಲ. ನೀರಿನ ತಳ ಬೇಕಾದರೆ 532 ನ್ಯಾನೊಮೀಟರ್ ಹಸಿರು ಲೇಸರ್ ಬೇಕು, ಅದಕ್ಕೂ ನೀರು ತಿಳಿಯಾಗಿರಬೇಕು.

ಸೋಲಾರ್ ಪ್ಯಾನೆಲ್, ಹೊಳೆಯುವ ತಗಡು: ಕೆಲವೊಮ್ಮೆ ಏನೂ ಬರುವುದಿಲ್ಲ. ಕೆಲವೊಮ್ಮೆ ಬೆಳಕು ಅಲ್ಲಿಂದ ಚಿಮ್ಮಿ ಗೋಡೆಗೆ ಬಡಿದು ಸುತ್ತು ಹಾಕಿ ಬರುತ್ತದೆ. ದಾರಿ ಉದ್ದವಾದ್ದರಿಂದ ಆ ಪಾಯಿಂಟ್ ನೆಲದ ಕೆಳಗೆ ಕೂರುತ್ತದೆ. ನೆಲ ಹುಡುಕುವ ಸಾಫ್ಟ್‌ವೇರ್‌ಗೆ ಅತಿ ಕೆಳಗಿನ ಪಾಯಿಂಟೇ ಇಷ್ಟ. ಇವನ್ನು ಮೊದಲು ತೆಗೆಯದಿದ್ದರೆ ಮನೆ ಪಕ್ಕ ಬಾವಿ ಹುಟ್ಟುತ್ತದೆ.

ರೇಡಿಯಂ ಸ್ಟಿಕ್ಕರ್: ಲಿಡಾರ್‌ಗೆ ಚೆನ್ನಾಗಿ ಕಾಣಲಿ ಅಂತ ಗುರುತಿನ ಹಲಗೆಗೆ ರೇಡಿಯಂ ಅಂಟಿಸುವವರಿದ್ದಾರೆ. ಮಾಡಬೇಡಿ. ರಿಟರ್ನ್ ವಿಪರೀತ ಜೋರಾಗಿ ಬಂದು ಯಂತ್ರದ ಕಣ್ಣು ಕುಕ್ಕುತ್ತದೆ, ಎತ್ತರ ಸೆಂಟಿಮೀಟರ್‌ಗಟ್ಟಲೆ ತಪ್ಪಬಹುದು, ಸುತ್ತ ಪ್ರಭೆಯಂತೆ ಸುಳ್ಳು ಪಾಯಿಂಟ್ ಬರಬಹುದು. ಮ್ಯಾಟ್ ಬಿಳಿ, ಮ್ಯಾಟ್ ಕಪ್ಪು ಬಣ್ಣದ ಹಲಗೆ ಸಾಕು.

ಮೊಣಕಾಲೆತ್ತರದ ಕಳೆ, ಲಂಟಾನ, ಜರಿಗಿಡ: ಮೋಸ ಇರುವುದು ಇಲ್ಲಿ. ಪಲ್ಸ್‌ಗೂ ಒಂದು ಉದ್ದ ಇದೆ. 4 ನ್ಯಾನೊಸೆಕೆಂಡ್ ಪಲ್ಸ್ ಆದರೆ ಸುಮಾರು 60 ಸೆಂ.ಮೀ.ಗಿಂತ ಹತ್ತಿರ ಇರುವ ಎರಡು ವಸ್ತುಗಳ ರಿಟರ್ನ್ ಒಂದರೊಳಗೊಂದು ಸೇರಿಬಿಡುತ್ತದೆ. ಕಳೆಯ ತುದಿ ಮತ್ತು ನೆಲ ಸೇರಿ ಎಲ್ಲೋ ಮಧ್ಯದಲ್ಲಿ ಒಂದು ಪಾಯಿಂಟ್. ನೋಡಲು ಚೆನ್ನಾಗಿಯೇ ಇರುತ್ತದೆ, ನೆಲ ಮಾತ್ರ ಮೇಲೆದ್ದಿರುತ್ತದೆ. ಹಾರಾಟ ಬದಲಿಸಿ ಇದನ್ನು ಸರಿಮಾಡಲಾಗದು. ಅಂಥ ಜಾಗದಲ್ಲಿ ಟೋಟಲ್ ಸ್ಟೇಷನ್ (ಮುಕ್ಕಾಲಿ ಮೇಲೆ ನಿಲ್ಲಿಸಿ ಅಳೆಯುವ ಸರ್ವೆ ಯಂತ್ರ) ಇಟ್ಟು ಕೆಲವು ಕಡೆ ಕೋಲು ನೆಲಕ್ಕೆ ಊರಿ ಅಳೆಯಿರಿ. ಎಷ್ಟು ಎದ್ದಿದೆ ಅಂತ ಆಗ ಗೊತ್ತಾಗುತ್ತದೆ.

7. ಹಾರಿಸುವಾಗ

ಯಂತ್ರ ಓರೆಯಾದದ್ದನ್ನು ಅಳೆಯುವ ಸೆನ್ಸರ್‌ಗೆ ಐಎಂಯು ಎನ್ನುತ್ತಾರೆ. ಅದನ್ನು ಎಬ್ಬಿಸಲು ತಯಾರಕರು ಹೇಳಿದ ಕಸರತ್ತು, ಹಿಂದೆ ಮುಂದೆ ಓಟ ಅಥವಾ ಎಂಟರ ಆಕಾರದ ಸುತ್ತು, ಶುರುವಿನಲ್ಲೂ ಕೊನೆಯಲ್ಲೂ ಮಾಡಿ. ಬ್ಯಾಟರಿ ಉಳಿಸಲು ಕೊನೆಯದನ್ನು ಬಿಡಬೇಡಿ. ಕೋನ 0.01 ಡಿಗ್ರಿ ತಪ್ಪಿದರೆ ಪಾಯಿಂಟ್ ಜರುಗುವುದು 100 ಮೀಟರಿಗೆ 2 ಸೆಂ.ಮೀ.ಗೂ ಕಡಿಮೆ, 1000 ಮೀಟರಿಗೆ 17 ಸೆಂ.ಮೀ.

ಬಿಸಿಲಿನ ಗದ್ದಲ ತಪ್ಪಿಸಲು ಸಂಜೆ ಹಾರಿಸೋಣ ಅಂತ ಕೆಲವರು ಕೇಳುತ್ತಾರೆ. ರಾತ್ರಿ ಹಾರಾಟದ ಅನುಮತಿ ಒಂದು ಕಡೆ ಇರಲಿ. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೇಂದ್ರ ಶುರುವಾದದ್ದೂ ಇದೇ ಕಾರಣಕ್ಕೆ. ಈ ಭಾಗದಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲವು ಗಂಟೆ ಮೇಲಿನ ವಾತಾವರಣದ ಅಯಾನುಗೋಳ ಕಲಕಿಕೊಂಡು ಜಿಪಿಎಸ್ ಸಿಗ್ನಲ್ ಮಿಣುಕುತ್ತದೆ, ಸೂರ್ಯನ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ ಇನ್ನೂ ಹೆಚ್ಚು. ಲೇಸರ್ ಚೆನ್ನಾಗಿ ಬಂದರೂ ಡ್ರೋನ್ ಎಲ್ಲಿತ್ತು ಅನ್ನುವುದೇ ತಪ್ಪಿದರೆ ಏನು ಬಂತು? ಬೆಳಗ್ಗೆಯೇ ಒಳ್ಳೆಯದು.

8. ಜಾಗ ಬಿಡುವ ಮೊದಲು ಪರೀಕ್ಷೆ ಮಾಡಿ

ಡೇಟಾ ಲ್ಯಾಪ್‌ಟಾಪಿಗೆ ಹಾಕಿ. ಸಿಮೆಂಟ್ ಹಾಕಿದ ಕಾಫಿ ಕಣ ಇದ್ದರೆ ಅದೇ ನಿಮ್ಮ ಪರೀಕ್ಷೆಯ ಜಾಗ. ಕಣ ಇಲ್ಲದಿದ್ದರೆ ಕಾಂಕ್ರೀಟ್ ರಸ್ತೆ. ಅದರ ಮೇಲೆ ಒಂದು ಮೀಟರ್ ಅಗಲದ ಸೀಳು ಮಾಡಿ ಪಕ್ಕದಿಂದ ನೋಡಿ.

ಮೊದಲು ಒಂದೇ ಸ್ಟ್ರಿಪ್ ತೋರಿಸಿ. ಸ್ಟ್ರಿಪ್ ಅಂದರೆ ಒಂದು ಹಾರಾಟ ಸಾಲಿನ ಡೇಟಾ. ಅದೊಂದೇ ದಪ್ಪಗೆ, ರೋಮ ಎದ್ದ ಹಾಗೆ ಕಂಡರೆ ತೊಂದರೆ ಸಿಗ್ನಲ್‌ನಲ್ಲಿದೆ. ಗಾಜು, ಎತ್ತರ, ಗಾಳಿ ನೋಡಿ. ಒಂದೊಂದು ಸ್ಟ್ರಿಪ್ ತೆಳ್ಳಗಿದ್ದು ಎರಡು ಸೇರಿದಾಗ ಎರಡು ಗೆರೆ ಕಂಡರೆ ಸಿಗ್ನಲ್ ಸರಿಯಿದೆ. ತಪ್ಪು ಜಿಪಿಎಸ್, ಐಎಂಯು ಅಥವಾ ಯಂತ್ರದ ಜೋಡಣೆ ಕೋನದಲ್ಲಿದೆ. ಈ ಒಂದು ಪರೀಕ್ಷೆ ಮಾಡದೆ ಜನ ವಾರಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಆಮೇಲೆ ಇಂಟೆನ್ಸಿಟಿ ಬಣ್ಣ ಹಾಕಿ ನೋಡಿ, ಅದು ರಿಟರ್ನ್‌ನ ಬಲದ ಅಳತೆ. ಅಂಚಿನ ಕಡೆ ಸ್ವಲ್ಪ ಮಂಕಾಗುವುದು ಸಹಜ. ಹಾರುತ್ತಾ ಹಾರುತ್ತಾ ಇಡೀ ಸ್ಟ್ರಿಪ್‌ಗಳೇ ಮಂಕಾಗುತ್ತಾ ಹೋದರೆ ಗಾಜಿಗೆ ಏನೋ ಕೂತಿದೆ.

ಕೊನೆಗೆ ತೋಟದ ಅತಿ ದಟ್ಟ ಜಾಗಕ್ಕೆ ಹೋಗಿ, ಕೊನೆಯ ರಿಟರ್ನ್‌ಗಳನ್ನು ಮಾತ್ರ ಇಟ್ಟು, ನೆಲದ ಪಾಯಿಂಟ್ ಎಷ್ಟು ಅಂತ ಎಣಿಸಿ. ಒಂದು ಚದರ ಮೀಟರಿನ ಒಟ್ಟು 100 ಪಾಯಿಂಟ್‌ನಲ್ಲಿ ಮೂರೇ ನೆಲಕ್ಕೆ ಬಂದಿದ್ದರೂ ಅವು ಸಮನಾಗಿ ಹರಡಿದ್ದರೆ ಅರ್ಧ ಮೀಟರ್ ಚೌಕದ ನಕ್ಷೆಗೆ ಹತ್ತಿರ ಹತ್ತಿರ ಸಾಕು. ಐದಾರು ಮೀಟರ್ ಅಗಲದ ತೂತುಗಳಿದ್ದರೆ ಆ ಭಾಗ ಮಾತ್ರ 20 ಮೀಟರ್ ಕೆಳಗಿಳಿಸಿ, ಅಡ್ಡ ದಿಕ್ಕಿನಲ್ಲಿ ಮತ್ತೆ ಹಾರಿಸಿ. ಮರದ ಮೇಲಿನ 30 ಮೀಟರ್ ಉಳಿಯುತ್ತದೆಯೇ ಅಂತ ನೋಡಿಕೊಂಡು.

ಎಚ್ಚರಿಕೆ: ಪ್ರೊಸೆಸಿಂಗ್‌ನಲ್ಲಿ ನಾಯ್ಸ್ ಫಿಲ್ಟರ್ ಸುಮ್ನೆ "ಹೈ" ಇಡಬೇಡಿ. ಸುತ್ತ ಜೊತೆಗಾರರಿಲ್ಲದ ಒಂಟಿ ಪಾಯಿಂಟ್‌ಗಳನ್ನು ಅದು ಅಳಿಸುತ್ತದೆ. ಮರದ ಕೆಳಗೆ ನೆಲದ ಪಾಯಿಂಟ್‌ಗಳು ಇರುವುದೇ ಒಂಟಿಯಾಗಿ, ಅಲ್ವಾ?

ನೀವು ಹಾರಿಸುವವರಲ್ಲ, ಕೆಲಸ ಕೊಡುವವರಾದರೆ ಇಷ್ಟು ಮಾಡಿ. ಕರಾರಿನಲ್ಲಿ "ಚದರ ಮೀಟರಿಗೆ 200 ಪಾಯಿಂಟ್" ಅಂತ ಬರೆಸಬೇಡಿ. "ಮರದ ಕೆಳಗೆ ಚದರ ಮೀಟರಿಗೆ ಇಷ್ಟು ನೆಲದ ಪಾಯಿಂಟ್, ಇಂತಿಷ್ಟು ಮೀಟರಿಗಿಂತ ದೊಡ್ಡ ತೂತು ಇರಬಾರದು" ಅಂತ ಬರೆಸಿ. ಪ್ರೊಸೆಸ್ ಆದ ನಕ್ಷೆಯ ಜೊತೆ ಸ್ಟ್ರಿಪ್‌ವಾರು ಕಚ್ಚಾ ಪಾಯಿಂಟ್ ಕ್ಲೌಡ್ ಕೂಡ ಕೇಳಿ ಪಡೆಯಿರಿ.